ಮೀನು ಸಾಯಲಿಲ್ಲ, ಮರಿ ಏಕಿಲ್ಲ?

ಪ್ರಶ್ನೆ: ತೋಟಕ್ಕೆ ಹೊಡೆದ ಔಷಧಿ ಮಳೆನೀರಿನ ಜೊತೆ ಕೆಳಗಿನ ಕೆರೆಗೆ ಇಳಿಯುತ್ತದೆ. ಗೆಂಡೆ ಮೀನು ಸಾಯುತ್ತಿಲ್ಲ, ಮರಿ ಮಾತ್ರ ಕಡಿಮೆ. ಇಂಥ ರಾಸಾಯನಿಕ ಮೀನಿನ ಜೀನನ್ನೇ ಕೆಡಿಸುತ್ತದಂತೆ, ನಿಜವೇ?
ಕಾಫಿ ಬೆಳೆಗಾರರು, ಸಕಲೇಶಪುರ

ಉತ್ತರ: ಮೊದಲು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರದ ಕೊಳೆನೀರು ಕೆರೆಗೆ ಸೇರುತ್ತಿದೆಯೇ ನೋಡಿ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕದ ಕೊರತೆ. ಮೊಟ್ಟೆ ಅದರಿಂದಲೇ ಸಾಯಬಹುದು.

ಇನ್ನು ಮೀನಿನ ಹಾರ್ಮೋನನ್ನು ಏರುಪೇರು ಮಾಡುವ ರಾಸಾಯನಿಕಗಳ ವಿಷಯಕ್ಕೆ ಬಂದರೆ, ಜೀನ್ ಇದ್ದ ಹಾಗೇ ಇರುತ್ತದೆ, ಅದು ಕೆಲಸ ಮಾಡುವ ಹೊತ್ತುಗೊತ್ತು ತಪ್ಪುತ್ತದೆ. ಮೊಟ್ಟೆಯ ಹಳದಿಗೆ ಬೇಕಾದ ವೈಟಲೋಜೆನಿನ್ ಪ್ರೋಟೀನಿನ ಜೀನ್ ಗಂಡು ಮೀನಿನ ಯಕೃತ್ತಿನಲ್ಲೂ ಇದೆ, ಸುಮ್ಮನೆ ಮಲಗಿರುತ್ತದೆ. ಔಷಧಿ ಎಲೆಗೆ ಹರಡಿ ನಿಲ್ಲಲೆಂದು ಬೆರೆಸುವ ಕೆಲವು ದ್ರಾವಣಗಳಲ್ಲಿರುವ ನೊನೈಲ್‌ಫಿನಾಲ್ ಎಥಾಕ್ಸಿಲೇಟ್ ಒಡೆದು ನೊನೈಲ್‌ಫಿನಾಲ್ ಆಗುತ್ತದೆ. ಅದು ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್ ಕೂರುವ ಗ್ರಾಹಕಕ್ಕೆ ಅಂಟಿಕೊಂಡು ಆ ಜೀನನ್ನು ಎಬ್ಬಿಸುತ್ತದೆ.

ಕೆನಡಾದ ಒಂಟಾರಿಯೊದಲ್ಲಿ 2001ರಿಂದ 2003ರವರೆಗೆ ಇಡೀ ಒಂದು ಸರೋವರಕ್ಕೆ ಗರ್ಭನಿರೋಧಕ ಗುಳಿಗೆಯ ಕೃತಕ ಈಸ್ಟ್ರೋಜನ್ ಬೆರೆಸಿದರು, ಲೀಟರಿಗೆ 5–6 ನ್ಯಾನೊಗ್ರಾಂ. ಗ್ರಾಂನ ನೂರು ಕೋಟಿಯಲ್ಲೊಂದು ಪಾಲಿಗೆ ಒಂದು ನ್ಯಾನೊಗ್ರಾಂ! ಅಲ್ಲಿನ ಫ್ಯಾಟ್‌ಹೆಡ್ ಮಿನ್ನೋ ಮೀನಿನ ಸಂತತಿ ಕುಸಿದು ಹೆಚ್ಚುಕಡಿಮೆ ಅಳಿದೇಹೋಯಿತು. ಬೆರೆಸುವುದು ನಿಂತ ಕೆಲವು ವರ್ಷಗಳಲ್ಲಿ ಮತ್ತೆ ಚೇತರಿಸಿಕೊಂಡಿತು.

ಎಲೆ ತುಕ್ಕಿಗೆ ಬಳಸುವ ಪ್ರೊಪಿಕೊನಜೋಲ್ ಬಗೆಯ ಔಷಧಿಗಳ ಕೆಲಸ ಇದಕ್ಕೆ ತಿರುಗುಮುರುಗು. ಈಸ್ಟ್ರೋಜನ್ ತಯಾರಿಸುವ ಅರೋಮಟೇಸ್ ಕಿಣ್ವವನ್ನೇ ಇವು ತಡೆಯುತ್ತವೆ. ಹೆಣ್ಣಿನಲ್ಲಿ ವೈಟಲೋಜೆನಿನ್ ಇಳಿಯುತ್ತದೆ. ಕೊರತೆ ತುಂಬಲು ಅಂಡಾಶಯವು ಅರೋಮಟೇಸ್ ಜೀನನ್ನು ಇನ್ನಷ್ಟು ಓಡಿಸುವುದುಂಟು. ಹಾಗಾಗಿ ಜೀನ್ ಏರಿದೆ ಎಂದ ಮಾತ್ರಕ್ಕೆ ಹಾರ್ಮೋನೂ ಏರಿದೆ ಎನ್ನುವಂತಿಲ್ಲ. ವರದಿ ಓದುವವರು ಎಡವುವುದು ಇಲ್ಲೇ.

ಸ್ಪ್ರೇಯರ್, ಡ್ರಮ್ಮು ತೊಳೆದ ನೀರನ್ನಂತೂ ಕೆರೆಗೆ ಇಳಿಯುವ ಚರಂಡಿಗೆ ಚೆಲ್ಲಬೇಡಿ.

ಪ್ರಶ್ನೆ: ಜೀನ್ ಪರೀಕ್ಷೆಗೆ ಇಡೀ ಮೀನನ್ನು ಐಸಿನಲ್ಲಿಟ್ಟು ಲ್ಯಾಬಿಗೆ ಕಳಿಸಬಹುದೇ?
ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಚಿಕ್ಕಮಗಳೂರು

ಉತ್ತರ: ಬೇಡ. ಅಳೆಯಬೇಕಾದದ್ದು ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ನಕಲು, ಅಂದರೆ ಆರ್‌ಎನ್‌ಎ, ಮೀನು ಸತ್ತ ಕೂಡಲೇ ಅದು ಒಡೆಯತೊಡಗುತ್ತದೆ. ಗೆಂಡೆಯಲ್ಲಿ ಯಕೃತ್ತಿನೊಳಗೇ ಮೇದೋಜೀರಕದ ಅಂಗಾಂಶ ಬೆರೆತಿರುವುದರಿಂದ ಆರ್‌ಎನ್‌ಎ ಕತ್ತರಿಸುವ ಕಿಣ್ವ ಪಕ್ಕದಲ್ಲೇ ಇದೆ. ಕೆರೆ ದಂಡೆಯಲ್ಲೇ ಕೊಯ್ದು, ಅರ್ಧ ಸೆಂಟಿಮೀಟರಿಗಿಂತ ತೆಳುವಾದ ತುಂಡನ್ನು ಅದರ ಐದು ಪಟ್ಟು ಆರ್‌ಎನ್‌ಎ ಲೇಟರ್ ಎಂಬ, ಅದನ್ನು ಕೆಡದಂತೆ ಕಾಪಾಡುವ ದ್ರಾವಣದಲ್ಲಿ ಮುಳುಗಿಸಿ. ತುಂಡು ದಪ್ಪವಾದರೆ ದ್ರಾವಣ ನಡುವಿಗೆ ತಲುಪುವಷ್ಟರಲ್ಲಿ ಒಳಗಿನದು ಹಾಳು. ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು, ಆಮೇಲೆ ಮೈನಸ್ 20ಕ್ಕೆ ಹಾಕಿ. ಪಿತ್ತ ಒಡೆಯದಂತೆ ಜೋಪಾನ; ಮೀನು ಹಸನು ಮಾಡುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ವೈಟಲೋಜೆನಿನ್‌ಗೆ ಗಂಡು ಮೀನನ್ನೇ ಆರಿಸಿ, ಹೆಣ್ಣಿನಲ್ಲಿ ಅದು ಹೇಗೂ ಇರುತ್ತದೆ. ಔಷಧಿ ಸೋಕದ ಕೆರೆಯಿಂದ ಅದೇ ತಿಂಗಳು, ಅದೇ ಗಾತ್ರದ ಗಂಡುಗಳನ್ನೂ ಹಿಡಿಯಿರಿ. ನಕಲನ್ನು ಸುತ್ತುಸುತ್ತಾಗಿ ಇಮ್ಮಡಿಸಿ ಅಳೆಯುವ ಪಿಸಿಆರ್‌ನಲ್ಲಿ ಒಂದು ಸುತ್ತಿನ ಅಂತರವೆಂದರೆ ಸುಮಾರು ಎರಡು ಪಟ್ಟು, ಹತ್ತು ಸುತ್ತಾದರೆ ಸಾವಿರ ಪಟ್ಟು. ಹೋಲಿಸಲು ಆ ಇನ್ನೊಂದು ಕೆರೆಯ ಮೀನಿಲ್ಲದಿದ್ದರೆ ಈ ಅಂಕಿ ಯಾವುದಕ್ಕೂ ಬಾರದು.