ಮೊದಲ ವರ್ಷದ ಇಂಗ್ಲಿಷ್: ಯಾವ ತರಗತಿಗೆ ಸೇರಬೇಕು?

ಪ್ರಶ್ನೆ: ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿ, ಶಿವಮೊಗ್ಗದಲ್ಲಿ ಪಿಯುಸಿ ಮುಗಿಸಿ ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾಳೆ. ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಯೂನಿವರ್ಸಿಟಿಗೆ ಹೋಗುವ ಯೋಚನೆ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಬರೆಯಲು ತಡವರಿಸುತ್ತಾಳೆ. ಇಎಸ್‌ಎಲ್‌ನಿಂದ (ಇಂಗ್ಲಿಷ್ ಮಾತೃಭಾಷೆಯಲ್ಲದವರ ಇಂಗ್ಲಿಷ್ ತರಗತಿ) ಶುರುಮಾಡಬೇಕೆ, ನೇರ ಸಿ1000ಕ್ಕೆ (ಮೊದಲ ವರ್ಷದ ಕಾಲೇಜು ಇಂಗ್ಲಿಷ್ ಓದು-ಬರಹದ ಕೋರ್ಸ್) ಸೇರಬೇಕೆ?
– ಓದುಗರು, ಫ್ರೀಮಾಂಟ್

ಉತ್ತರ: ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ: ಸಪೋರ್ಟ್ ಕ್ಲಾಸ್, ಅಂದರೆ ಅದೇ ಕೋರ್ಸಿಗೆ ನೆರವಾಗುವ ಹೆಚ್ಚುವರಿ ತರಗತಿ, ಜೊತೆಗೂಡಿದ ಸಿ1000. ನಿಮ್ಮ ಮಗಳಿಗೆ ಬಹುಶಃ ಅದೇ ಸರಿ.

ಹಿಂದೆ 'ಇಂಗ್ಲಿಷ್ 1ಎ' ಎನ್ನುತ್ತಿದ್ದ ಕೋರ್ಸೇ ಈಗಿನ ಇಂಗ್ಲಿಷ್ ಸಿ1000. ಯೂನಿವರ್ಸಿಟಿಗೆ ಲೆಕ್ಕಕ್ಕೆ ಬರುವುದು ಇದು. ಕ್ಯಾಲಿಫೋರ್ನಿಯಾದ 2017ರ ಎಬಿ 705 ಕಾಯ್ದೆ ಬಂದ ಮೇಲೆ ಪ್ರವೇಶ ಪರೀಕ್ಷೆಯ ಒಂದೇ ಅಂಕ ನೋಡಿ ಕೆಳಗಿನ ತರಗತಿಗೆ ತಳ್ಳುವಂತಿಲ್ಲ. ಹೈಸ್ಕೂಲ್ ಗ್ರೇಡ್ ನೋಡುತ್ತಾರೆ. ಅಮೆರಿಕದ ಹೈಸ್ಕೂಲ್ ದಾಖಲೆ ಇಲ್ಲದವರಿಗೆ ಗೈಡೆಡ್ ಸೆಲ್ಫ್ ಪ್ಲೇಸ್‌ಮೆಂಟ್ ಇರುತ್ತದೆ. ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿ, ಎಲ್ಲಿ ಸೇರುವುದೆಂದು ಅವಳೇ ತೀರ್ಮಾನಿಸಬೇಕು.

ಅದಕ್ಕೆ ಮೊದಲು ಮನೆಯಲ್ಲೇ ಪರೀಕ್ಷಿಸಿ. ಐದಾರು ಪುಟದ ಇಂಗ್ಲಿಷ್ ಅಭಿಪ್ರಾಯ ಲೇಖನವೊಂದನ್ನು ಒಂದೇ ಕೂತಿಗೆ ಓದಲಿ. ಲೇಖನ ಮುಚ್ಚಿಟ್ಟು, ಲೇಖಕರು ಏನನ್ನು ವಾದಿಸಿದ್ದಾರೆ, ಅದಕ್ಕೆ ಯಾವ ಆಧಾರ ಕೊಟ್ಟಿದ್ದಾರೆ ಎಂದು ಐದು ವಾಕ್ಯ ಬರೆಯಲಿ. ವಾದ ಹಿಡಿದಿದ್ದರೆ, ವ್ಯಾಕರಣ ತಪ್ಪಿದ್ದರೂ, ಸಪೋರ್ಟ್ ಇರುವ ಸಿ1000 ಸಾಕು. ಪ್ರತಿ ಪ್ಯಾರಾಕ್ಕೂ ನಿಘಂಟು ತೆಗೆಯಬೇಕಾಗಿ ಬಂದು ಮಧ್ಯೆ ಎಳೆ ತಪ್ಪಿದರೆ, ಕ್ರೆಡಿಟ್ ಇರುವ ಇಎಸ್‌ಎಲ್ ಒಂದು ಸೆಮಿಸ್ಟರ್ ಮಾಡಲಿ. ಅದು ಹಿನ್ನಡೆಯಲ್ಲ.

ನಮ್ಮ ಕಡೆಯ ಮಕ್ಕಳು ಎಡವುವುದು ವ್ಯಾಕರಣದಲ್ಲಿ ಎನ್ನುವುದಕ್ಕಿಂತ ಪ್ರಬಂಧದ ರೂಢಿಯಲ್ಲಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. 'ಮೊಬೈಲ್‌ನಿಂದ ಲಾಭವೂ ಇದೆ, ನಷ್ಟವೂ ಇದೆ' ಎಂದು ಬರೆದು ಒಳ್ಳೆಯ ಅಂಕ ತೆಗೆದ ಕೈ ಅದು. ಸಿ1000ದಲ್ಲಿ ಇಂಥ ವಾಕ್ಯ ಥೀಸಿಸ್ (ಪ್ರಬಂಧ ಸಾಧಿಸಹೊರಟ ಮುಖ್ಯ ವಾದ) ಆಗುವುದಿಲ್ಲ, ಏಕೆಂದರೆ ಇದನ್ನು ಯಾರೂ ಅಲ್ಲಗಳೆಯುವುದಿಲ್ಲ. 'ಊಟದ ಬಿಡುವಿನಲ್ಲಿ ಮೊಬೈಲ್ ನಿಷೇಧಿಸುವುದರಿಂದ ಪಾಠಕ್ಕೆ ಪ್ರಯೋಜನವಿಲ್ಲ' ಎಂದರೆ ಎದುರಾಡಲು ಜಾಗವಿದೆ, ಆಧಾರ ಹುಡುಕುವ ಅಗತ್ಯವೂ ಬರುತ್ತದೆ. ಇನ್ನೊಂದು ಅಪಾಯ ಗೈಡಿನ ಸಾಲು ಬಾಯಿಪಾಠ ಮಾಡಿ ಬರೆಯುವ ಅಭ್ಯಾಸ. ಮೂಲ ಹೇಳದೆ ಎರಡು ಸಾಲು ಎತ್ತಿಕೊಂಡರೂ ಅಲ್ಲಿ ಅದು ಕೃತಿಚೌರ್ಯ. ಮೊದಲ ವಾರದಲ್ಲೇ ಅವಳಿಗೆ ಇದನ್ನು ಬಿಡಿಸಿ ಹೇಳಿ.

ಕೋರ್ಸಿನ ಸೆಕ್ಷನ್ ಆರಿಸುವಾಗ ಸಿಲಬಸ್ ತರಿಸಿ ನೋಡಿ: ವಾರಕ್ಕೆ ಎಷ್ಟು ಪುಟ ಓದು, ಎಷ್ಟು ಪ್ರಬಂಧ, ಕರಡು ತಿದ್ದಿ ಮತ್ತೆ ಕೊಡಲು ಅವಕಾಶ ಇದೆಯೇ? ಕೋರ್ಸಿನಲ್ಲಿ ಕನಿಷ್ಠ 5,000 ಪದ ಬರೆಯಬೇಕು. ಕರಡಿನ ಮೇಲೆ ಟೀಕೆ ಬರೆದು ಹಿಂದಿರುಗಿಸುವ ಅಧ್ಯಾಪಕರಿದ್ದರೆ ಅರ್ಧ ಕೆಲಸ ಆದಂತೆ. ಒಂದು ಯೂನಿಟ್‌ಗೆ (ಕೋರ್ಸಿನ ಕ್ರೆಡಿಟ್ ಅಳತೆ) ತರಗತಿ, ಮನೆಕೆಲಸ ಸೇರಿ ವಾರಕ್ಕೆ ಸುಮಾರು 3 ಗಂಟೆ ಹಿಡಿಯಿರಿ. 4 ಯೂನಿಟ್ ಎಂದರೆ 12 ಗಂಟೆ, ಸಪೋರ್ಟ್ ಕ್ಲಾಸ್ ಬೇರೆ. ಡಿ ಆಂಜಾ, ಫುಟ್‌ಹಿಲ್‌ನಂಥ ಕ್ವಾರ್ಟರ್ ಕಾಲೇಜುಗಳಲ್ಲಿ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಗಳಲ್ಲಿ ಪಾಠ ನಡೆಸುವಂಥವು) ಅಷ್ಟೂ ಕೆಲಸ ಸುಮಾರು 12 ವಾರಕ್ಕೆ ಇಳಿಯುತ್ತದೆ. ನಿಧಾನ ಬರೆಯುವವರಿಗೆ ಸೆಮಿಸ್ಟರ್ ಕಾಲೇಜು ಹಗುರ.

ಪ್ರಶ್ನೆ: ಮಗನಿಗೆ ಎಪಿ (ಹೈಸ್ಕೂಲ್‌ನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ) ಇಂಗ್ಲಿಷ್ ಲ್ಯಾಂಗ್ವೇಜ್‌ನಲ್ಲಿ 5ಕ್ಕೆ 3 ಬಂದಿದೆ. ಸಿ1000 ಬಿಡಬಹುದೆ?
– ಓದುಗರು, ಸ್ಯಾನ್ ಹೋಸೆ

ಉತ್ತರ: ಬಿಡಬಹುದು. ಎಪಿ ನಡೆಸುವ ಕಾಲೇಜ್ ಬೋರ್ಡ್‌ನಿಂದ ಅಂಕ ಕಾಲೇಜಿಗೆ ಅಧಿಕೃತವಾಗಿ ಕಳಿಸಿ, ಮಂಜೂರಾದ ಮೇಲೆ ಸಿ1000ದ ಮುಂದಿನ ಕೋರ್ಸಾದ ಸಿ1001ಕ್ಕೆ ಹೆಸರು ಹಾಕಿಸಿ. ಆದರೆ ಸಿ1001ಕ್ಕೆ ಬದಲು ಎಪಿ ಒಪ್ಪುವುದಿಲ್ಲ, ಅದನ್ನು ಓದಿಯೇ ತೀರಬೇಕು. ಅಲ್ಲಿ ಮೂಲಗಳನ್ನು ಹೋಲಿಸಿ ವಾದ ಕಟ್ಟುವ ಬರಹವೇ ಹೆಚ್ಚು. ಎಪಿಯಲ್ಲಿ ಸಿಂಥೆಸಿಸ್ ಪ್ರಬಂಧ (ಕೊಟ್ಟ ಹಲವು ಮೂಲಗಳನ್ನು ಬಳಸಿ ವಾದ ಕಟ್ಟುವುದು) ಬರೆಯುವಾಗ ಕಷ್ಟಪಟ್ಟಿದ್ದರೆ, ಟ್ರಾನ್ಸ್‌ಫರ್‌ಗೆ ಆತುರವಿಲ್ಲದಿದ್ದರೆ, ಸಿ1000 ಓದಿಯೇ ಮುಂದೆ ಹೋಗಲಿ.