ಟೆಸ್ಟ್ ಕೆಂಪಾದಾಗ ಏನು ಕಾಣುತ್ತದೆ?

ನಮಸ್ಕಾರ.

'ಜಾವಾದಲ್ಲಿ ಓದಲು ಸುಲಭವಾದ ಯುನಿಟ್ ಟೆಸ್ಟ್: ಮ್ಯಾಚರ್‌ಗಳ ಪರಿಚಯ' ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸೂ ಇಲ್ಲ. ಜಾವಾದಲ್ಲಿ ಕೆಲಸ ಮಾಡುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ಕೋಡು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವ ಚಿಕ್ಕ ಕೋಡು, ಅಂದರೆ ಟೆಸ್ಟ್, ಬರೆಯುವುದರ ಬಗ್ಗೆ ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದದ ಉತ್ತರ.

ಮೊದಲು ಸುಲಭದ್ದು. 'ಇಂದಿನ ಆಧುನಿಕ ಯುಗದಲ್ಲಿ ತಂತ್ರಾಂಶವು ಮಾನವನ ಬದುಕಿನ ಅವಿಭಾಜ್ಯ ಅಂಗವಾಗಿದೆ' ಎಂದು ಶುರು ಮಾಡಿದ್ದೀರಿ. ಜಾವಾ ಎಂಬ ಪದ ಬರುವುದು ಮೂರು ಪ್ಯಾರಾ ಆದಮೇಲೆ. ಆ ಮೂರನ್ನೂ ತೆಗೆದುಹಾಕಿ. ನಿಮ್ಮ ಓದುಗರು ಬಿಲ್ಡ್ (ಕೋಡು ಜೋಡಿಸಿ ಟೆಸ್ಟ್ ಓಡಿಸುವ ಕೆಲಸ) ಮುಗಿಯಲಿ ಎಂದು ಕಾಯುತ್ತಾ ಕೂತವರು, ಅವರಿಗೆ ಯುಗದ ವಿಷಯ ಗೊತ್ತು.

ಪದಗಳು. ಯುನಿಟ್ ಟೆಸ್ಟ್‌ಗೆ 'ಘಟಕ ಪರೀಕ್ಷೆ', ಫಲಿತಾಂಶ ಹೀಗೇ ಇರಬೇಕು ಎಂದು ಟೆಸ್ಟಿನಲ್ಲಿ ಹೇಳುವ ಅಸರ್ಷನ್‌ಗೆ 'ದೃಢೋಕ್ತಿ', ಅದು ಹೇಗಿರಬೇಕು ಎಂದು ವಿವರಿಸುವ ಮ್ಯಾಚರ್‌ಗೆ 'ಹೊಂದಿಕೆಗಾರ' ಎಂದಿದ್ದೀರಿ. ಹೊಂದಿಕೆಗಾರ ಅಂದ ಕೂಡಲೇ ನನಗೆ ಮದುವೆ ಬ್ರೋಕರ್ ಕಣ್ಣಮುಂದೆ ಬಂದ. ನೀವು ಪಕ್ಕದ ಸೀಟಿನವರ ಹತ್ತಿರ ಮಾತಾಡುವಾಗ ಏನು ಹೇಳುತ್ತೀರೋ ಅದನ್ನೇ ಬರೆಯಿರಿ. 'ಈ ಅಸರ್ಟ್ ಫೇಲ್ ಆಗ್ತಿದೆ ನೋಡಿ' ಅಂತೀರಿ, ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮ್ಯಾಚರ್ ಬಳಸಿದರೆ ಟೆಸ್ಟ್ 'ಇಂಗ್ಲಿಷ್ ವಾಕ್ಯದಂತೆ ಓದಿಸಿಕೊಂಡು ಹೋಗುತ್ತದೆ' ಎಂದು ಎರಡು ಪುಟ ಬರೆದಿದ್ದೀರಿ. ಈ ಮಾತು ನೀವು ಯೋಚಿಸಿ ಬರೆದದ್ದಲ್ಲ, ಎಲ್ಲೋ ಓದಿದ್ದು ಅನಿಸಿತು. ನಮ್ಮ ಓದುಗರಿಗೆ ಇಂಗ್ಲಿಷ್ ವಾಕ್ಯದ ಹಾಗೆ ಇದ್ದರೆ ಆಗುವ ಲಾಭವೇನು? ಅದಕ್ಕಿಂತ ಒಳ್ಳೆಯ ಕಾರಣ ನಿಮ್ಮ ಕೋಡಿನಲ್ಲೇ ಇದೆ, ನೀವು ನೋಡಿಲ್ಲ. ಎರಡು ಸಮವೇ ಎಂದು ನೋಡುವ ಅಸರ್ಟ್‌ಈಕ್ವಲ್ಸ್‌ಗೆ ಮೊದಲು ಬೇಕಾದ ಉತ್ತರ ಕೊಡಬೇಕು, ಆಮೇಲೆ ಬಂದ ಉತ್ತರ. '450ಕ್ಕೆ ಸಮ, ಮೊತ್ತ.' ಹೀಗೆ ಯಾರೂ ಮಾತಾಡುವುದಿಲ್ಲ. ಅದಕ್ಕೇ ಜನ ಪದೇ ಪದೇ ಅದಲುಬದಲು ಮಾಡುತ್ತಾರೆ. ಟೆಸ್ಟ್ ಪಾಸ್ ಆಗುತ್ತಿರುವಷ್ಟು ದಿನ ಅದು ಗೊತ್ತಾಗುವುದೂ ಇಲ್ಲ. ಫೇಲ್ ಆದ ದಿನ '0 ಬೇಕಿತ್ತು, 450 ಬಂತು' ಎಂದು ಉಲ್ಟಾ ಹೇಳಿ ದಾರಿ ತಪ್ಪಿಸುತ್ತದೆ. ಮ್ಯಾಚರ್ ಬಳಸುವ ಅಸರ್ಟ್‌ದಟ್‌ನಲ್ಲಿ ಮೊದಲು ಬಂದ ವಸ್ತು, ಆಮೇಲೆ ಅದು ಹೇಗಿರಬೇಕು ಎನ್ನುವುದು. 'ಮೊತ್ತ 450 ಇರಬೇಕು.' ಇದು ನಾವು ಮಾತಾಡುವ ಸರಣಿಯೇ. ಕನ್ನಡದಲ್ಲಿ ಬರೆಯುವವರು ಹೇಳಬೇಕಾದ ಮಾತು ಇದು.

ಆದರೂ ಇದು ಅರ್ಧ ಮಾತ್ರ. ನಿಮ್ಮ ಲೇಖನದಲ್ಲಿ ಹನ್ನೊಂದು ಟೆಸ್ಟ್‌ಗಳಿವೆ. ಹನ್ನೊಂದೂ ಪಾಸ್! ಒಂದಾದರೂ ಫೇಲ್ ಆಗಿ, ಆಗ ಪರದೆಯ ಮೇಲೆ ಏನು ಬಂತು ಎಂದು ತೋರಿಸಿಲ್ಲ. ಪಾಸ್ ಆಗಿ ಹಸಿರಾದ ಟೆಸ್ಟನ್ನು ಯಾರೂ ಓದುವುದಿಲ್ಲ ಸ್ವಾಮಿ. ಫೇಲ್ ಆಗಿ ಕೆಂಪಾದಾಗ ಓದುತ್ತಾರೆ, ಅದೂ ಬರೆದವರಲ್ಲ, ಬೇರೆ ಯಾರೋ.

ನನ್ನದೇ ಒಂದು ಕತೆ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ದಿನಸಿ ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಫೈಲಿನಿಂದ ಓದಿದ ಸಾಮಾನಿನ ಪಟ್ಟಿಯಲ್ಲಿ ಬೆಲ್ಲ ಇದೆಯೇ ಎಂದು ಒಂದು ಟೆಸ್ಟ್. ಹೌದು ಎಂದು ಬಂದರೆ ಪಾಸ್ ಮಾಡುವ ಅಸರ್ಟ್‌ಟ್ರೂ ಒಳಗೆ, ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಹೇಳುವ ಲಿಸ್ಟಿನ ಕಂಟೇನ್ಸ್, ಅಷ್ಟೇ. ಒಂದು ಸಂಜೆ ಅದು ಬಿಲ್ಡ್ ಸರ್ವರ್‌ನಲ್ಲಿ ಫೇಲ್ ಆಯಿತು. ಆಗ ಟೆಸ್ಟ್ ಓಡಿಸಲು ಇದ್ದದ್ದು ಜೆಯುನಿಟ್ 4. ಬರೀ ಅಸರ್ಷನ್‌ಎರರ್ ಎಂದು ಬಂತು, ಮುಂದೆ ಏನೂ ಇಲ್ಲ. ಜೆಯುನಿಟ್ 5 ಆಗಿದ್ದರೆ 'ಟ್ರೂ ಬೇಕಿತ್ತು, ಫಾಲ್ಸ್ ಬಂತು' ಅನ್ನುತ್ತಿತ್ತು. ಅದರಿಂದ ಆಗಬೇಕಾದ್ದೇನು? ನಾನು ಪ್ರಿಂಟ್ ಸಾಲು ಸೇರಿಸಿ, ಪುಶ್ ಮಾಡಿ (ಸರ್ವರ್‌ಗೆ ಕಳಿಸಿ), ಚಹಾ ಕುಡಿದು ಬಂದು ನೋಡಿದೆ. [ಅಕ್ಕಿ, ಬೇಳೆ, ಬೆಲ್ಲ ] ಎಂದು ಬಂದಿತ್ತು. ಬೆಲ್ಲ ಇದೆಯಲ್ಲ ಮಾರಾಯ, ಮತ್ತೇನು ಇವನ ಗೋಳು! ಇನ್ನೂ ಎರಡು ಸಲ ಪುಶ್ ಮಾಡಿದ ಮೇಲೆ ಕಣ್ಣಿಗೆ ಬಿತ್ತು. ಬೆಲ್ಲ ಆದಮೇಲೆ, ಬ್ರಾಕೆಟ್‌ಗೆ ಮುಂಚೆ ಒಂದು ಖಾಲಿ ಜಾಗ. ಯಾರೋ ಫೈಲ್ ತಿದ್ದುವಾಗ ಸ್ಪೇಸ್ ಒತ್ತಿದ್ದರು.

ಅದೇ ಟೆಸ್ಟಿಗೆ ಹ್ಯಾಮ್‌ಕ್ರೆಸ್ಟ್ ಎಂಬ ಮ್ಯಾಚರ್ ಲೈಬ್ರರಿಯ ಹ್ಯಾಸ್‌ಐಟಮ್ ಹಾಕಿದ್ದರೆ? ಕನ್ನಡದಲ್ಲಿ ಹೇಳುವುದಾದರೆ ಅದು ಕೊಡುವ ಮೆಸೇಜ್ ಹೀಗೆ: ಬೇಕಿದ್ದದ್ದು "ಬೆಲ್ಲ" ಇರುವ ಪಟ್ಟಿ, ಸಿಕ್ಕಿದ್ದು "ಅಕ್ಕಿ", "ಬೇಳೆ", "ಬೆಲ್ಲ ". ಪ್ರತಿ ಸ್ಟ್ರಿಂಗಿಗೂ ಉದ್ಧರಣ ಚಿಹ್ನೆ ಹಾಕಿ ತೋರಿಸುತ್ತದೆ. ಆ ಸ್ಪೇಸ್ ಮೊದಲ ಸಲವೇ ಕಾಣುತ್ತಿತ್ತು. ನಿಮ್ಮ ಲೇಖನ ಇಂಥ ಒಂದು ಜಾಗದಿಂದ ಶುರುವಾಗಬೇಕು.

ಇದರ ಮುಂದೆ ನಿಮ್ಮ 22 ಮ್ಯಾಚರ್‌ಗಳ ಪಟ್ಟಿ ಮಗ್ಗಿ ಪುಸ್ತಕದ ಹಾಗೆ ಕಾಣುತ್ತದೆ. ನಾಲ್ಕೈದು ಇಟ್ಟುಕೊಳ್ಳಿ, ಉಳಿದದ್ದು ಐಡಿಇ (ಕೋಡು ಬರೆಯುವ ಸಾಧನ) ತಾನೇ ತೋರಿಸುತ್ತದೆ. ಇಟ್ಟುಕೊಂಡದ್ದರ ಬಗ್ಗೆ ಅಭಿಪ್ರಾಯ ಹೇಳಿ. ಉದಾಹರಣೆಗೆ ಪಟ್ಟಿಯಲ್ಲಿ ಎಷ್ಟಿವೆ ಎಂದು ನೋಡುವ ಹ್ಯಾಸ್‌ಸೈಜ್ ತುಂಬಾ ಉಪಯುಕ್ತ ಎಂದಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. '3 ಬೇಕಿತ್ತು, 2 ಇದೆ' ಅನ್ನುತ್ತದೆಯೇ ಹೊರತು ಯಾವುದು ಇಲ್ಲ ಎಂದು ಹೇಳುವುದಿಲ್ಲ. ಅದೇ ಜಾಗದಲ್ಲಿ, ಕೊಟ್ಟಷ್ಟೇ ವಸ್ತುಗಳು ಯಾವ ಕ್ರಮದಲ್ಲಾದರೂ ಇವೆಯೇ ಎಂದು ನೋಡುವ ಕಂಟೇನ್ಸ್‌ಇನ್‌ಎನಿಆರ್ಡರ್ ಹಾಕಿ ನೋಡಿ. ಬೆಲ್ಲಕ್ಕೆ ಹೊಂದುವುದು ಈ ಪಟ್ಟಿಯಲ್ಲಿ ಯಾವುದೂ ಇಲ್ಲ ಎಂದು ಹೆಸರು ಹಿಡಿದು ಹೇಳುತ್ತದೆ.

ಎರಡು ತಪ್ಪುಗಳು, ಇವನ್ನು ತಿದ್ದಲೇಬೇಕು. ಹ್ಯಾಮ್‌ಕ್ರೆಸ್ಟ್‌ನ ಕಂಟೇನ್ಸ್ 'ಪಟ್ಟಿಯಲ್ಲಿ ಆ ವಸ್ತು ಇದೆಯೇ ಎಂದು ನೋಡುತ್ತದೆ' ಎಂದು ಬರೆದಿದ್ದೀರಿ. ಇಲ್ಲ. ಕೊಟ್ಟಷ್ಟೇ ವಸ್ತುಗಳು, ಕೊಟ್ಟ ಕ್ರಮದಲ್ಲೇ ಇರಬೇಕು ಎನ್ನುವುದು ಅದರ ಅರ್ಥ. ಅಸರ್ಟ್‌ಜೆ ಎಂಬ ಇನ್ನೊಂದು ಲೈಬ್ರರಿಯಲ್ಲಿ ಅದೇ ಹೆಸರಿನ ಮೆಥಡ್‌ಗೆ ನೀವು ಹೇಳಿದ ಅರ್ಥ ಇದೆ, ಬಹುಶಃ ಅಲ್ಲಿಂದ ಗೊಂದಲವಾಗಿದೆ. ಎರಡೂ ಬಳಸುವ ಪ್ರಾಜೆಕ್ಟ್‌ಗಳಲ್ಲಿ ಇದು ಎಲ್ಲರನ್ನೂ ಎಡವಿಸುತ್ತದೆ. ಎರಡನೆಯದು, 'ಜೆಯುನಿಟ್ 5ರ ಅಸರ್ಟ್‌ದಟ್' ಎಂಬ ಉಪಶೀರ್ಷಿಕೆ. ಜೆಯುನಿಟ್ 5ರಲ್ಲಿ ಅಸರ್ಟ್‌ದಟ್ ಇಲ್ಲವೇ ಇಲ್ಲ. 2007ರಲ್ಲಿ ಜೆಯುನಿಟ್ 4.4 ಬಂದಾಗ ಹ್ಯಾಮ್‌ಕ್ರೆಸ್ಟ್ ಜೊತೆಗೆ ಅದನ್ನು ಸೇರಿಸಿದರು. 2017ರಲ್ಲಿ ಬಂದ 5ರಲ್ಲಿ ಬಿಟ್ಟರು, ಹ್ಯಾಮ್‌ಕ್ರೆಸ್ಟ್, ಅಸರ್ಟ್‌ಜೆ, ಟ್ರೂತ್ ಯಾವುದು ಬೇಕೋ ನೀವೇ ತಂದುಕೊಳ್ಳಿ ಎಂದರು. 2020ರ 4.13ರಲ್ಲೂ ಹಳೆಯದು ಬೇಡ, ಹ್ಯಾಮ್‌ಕ್ರೆಸ್ಟ್‌ನದನ್ನೇ ನೇರವಾಗಿ ಕರೆಯಿರಿ ಎಂದು ಗುರುತು ಹಾಕಿದ್ದಾರೆ. ಇಂಪೋರ್ಟ್ ಸಾಲು ಬದಲಿಸಿ, ಇಲ್ಲದಿದ್ದರೆ ಓದುಗರ ಕೋಡು ಮೊದಲ ಸಾಲಿಗೇ ನಿಲ್ಲುತ್ತದೆ.

ಇತಿಹಾಸ ಜಾಸ್ತಿಯಾಗಿದೆ. ಕೆಂಟ್ ಬೆಕ್, ಎರಿಕ್ ಗಾಮಾ 1997ರಲ್ಲಿ ವಿಮಾನದಲ್ಲಿ ಕೂತು ಜೆಯುನಿಟ್ ಬರೆದ ಕತೆ ಒಂದು ಸಾಲಿಗೆ ಸಾಕು. ಹ್ಯಾಮ್‌ಕ್ರೆಸ್ಟ್ ಎಂದರೆ ಮ್ಯಾಚರ್ಸ್ ಎಂಬುದರ ಇಂಗ್ಲಿಷ್ ಅಕ್ಷರಗಳನ್ನೇ ಕಲಸಿ ಬೇರೆ ಕ್ರಮದಲ್ಲಿ ಜೋಡಿಸಿದ್ದು ಎನ್ನುವುದನ್ನು ಮಾತ್ರ ಉಳಿಸಿ, ನನಗೆ ಅದು ಇಷ್ಟ.

ದುಡ್ಡಿಗೆ ಡಬಲ್ (ದಶಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆ) ಬಳಸಿದ್ದೀರಿ. ಬೇಡ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುವ ಜಾಗದಲ್ಲಿ ಯಾವ ಅಂಗಡಿಯವರೂ ಲೆಕ್ಕ ಬರೆಯುವುದಿಲ್ಲ. ದಶಾಂಶವನ್ನು ಇದ್ದ ಹಾಗೇ ಇಡುವ ಬಿಗ್‌ಡೆಸಿಮಲ್ ಹಾಕಿ. ಆಗ ಇನ್ನೊಂದು ಒಳ್ಳೆಯ ಉದಾಹರಣೆಯೂ ಸಿಗುತ್ತದೆ. ಈಕ್ವಲ್‌ಟು ಹಾಕಿದರೆ 45.5 ಬೇರೆ, 45.50 ಬೇರೆ ಎಂದು ಟೆಸ್ಟ್ ಫೇಲ್ ಆಗುತ್ತದೆ. ಮೊತ್ತವನ್ನಷ್ಟೇ ಹೋಲಿಸುವ ಕಂಪೇರ್ಸ್‌ಈಕ್ವಲ್‌ಟು ಹಾಕಿದರೆ ಪಾಸ್.

ಸ್ವಂತ ಮ್ಯಾಚರ್ ಬರೆಯುವ ಭಾಗ ನಿಮ್ಮ ಲೇಖನದಲ್ಲಿ ನನಗೆ ಹಿಡಿಸಿದ ಭಾಗ. ಅದನ್ನು ಕೊನೆಯಲ್ಲಿ ಆರು ಸಾಲಿಗೆ ಒತ್ತಿಬಿಟ್ಟಿದ್ದೀರಿ. ಬೆಳೆಸಿ. ಬಿಲ್ಲಿನ ಬಾಕಿ ತೀರಿದೆಯೇ ಎಂದು ನೋಡಲು, ಸ್ವಂತ ಮ್ಯಾಚರ್‌ಗೆ ತಳಹದಿಯಾದ ಟೈಪ್‌ಸೇಫ್‌ಮ್ಯಾಚರ್‌ನಲ್ಲಿ ನೀವು ಎರಡು ಮೆಥಡ್ ಬರೆದಿದ್ದೀರಿ: ಹೊಂದುತ್ತದೆಯೇ ಎಂದು ನೋಡುವ ಮ್ಯಾಚಸ್‌ಸೇಫ್ಲಿ, ಬೇಕಿದ್ದದ್ದನ್ನು ಹೇಳುವ ಡಿಸ್ಕ್ರೈಬ್‌ಟು. ಇಷ್ಟೇ ಇದ್ದರೆ, ಬಿಲ್ ಕ್ಲಾಸಿಗೆ ತನ್ನನ್ನು ಅಕ್ಷರದಲ್ಲಿ ತೋರಿಸುವ ಟುಸ್ಟ್ರಿಂಗ್ ಬರೆದಿಲ್ಲದಿದ್ದರೆ, ಸಿಕ್ಕಿದ್ದು ಏನು ಎನ್ನುವ ಕಡೆ ಬಿಲ್ ಎಂಬ ಹೆಸರು, ಪಕ್ಕದಲ್ಲಿ ಅಟ್ ಚಿಹ್ನೆ, ಆಮೇಲೆ ಅರ್ಥವಿಲ್ಲದ ಒಂದಷ್ಟು ಅಕ್ಷರ ಬರುತ್ತದೆ. ಮೂರನೆಯದು, ಸಿಕ್ಕಿದ್ದು ಹೇಗಿತ್ತು ಎಂದು ಹೇಳುವ ಡಿಸ್ಕ್ರೈಬ್‌ಮಿಸ್‌ಮ್ಯಾಚ್‌ಸೇಫ್ಲಿ. ನೀವು ಬಿಟ್ಟದ್ದು ಅದನ್ನೇ. ಅಲ್ಲಿ ಎಷ್ಟು ಬಾಕಿ ಎಂದು ಬರೆಯಿರಿ. ಜಾವಾ ಸ್ಟ್ರಿಂಗ್‌ನಲ್ಲಿ ಕನ್ನಡ ಧಾರಾಳವಾಗಿ ನಡೆಯುತ್ತದೆ, ಹಾಗಾಗಿ ಮೆಸೇಜನ್ನೂ ಕನ್ನಡದಲ್ಲೇ ಇಟ್ಟು ತೋರಿಸಿ. ಬೇಕಿದ್ದದ್ದು: ಬಾಕಿ ತೀರಿದ ಬಿಲ್. ಸಿಕ್ಕಿದ್ದು: ಇನ್ನೂ 120 ರೂಪಾಯಿ ಬಾಕಿ. ಇದನ್ನು ಓದಿದವರಿಗೆ ಕೋಡ್ ತೆರೆಯುವ ಮೊದಲೇ ಎಲ್ಲಿ ನೋಡಬೇಕು ಎಂದು ಅಂದಾಜಾಗುತ್ತದೆ.

ಅಸರ್ಟ್‌ಜೆ ಬಗ್ಗೆ ಒಂದು ಪ್ಯಾರಾ ಸೇರಿಸಿ. ಈಗ ಹೊಸದಾಗಿ ಶುರು ಮಾಡುವವರು ಅದನ್ನೂ ಆರಿಸಿಕೊಳ್ಳುತ್ತಾರೆ, ಚುಕ್ಕಿ ಒತ್ತಿದರೆ ಮುಂದಿನದನ್ನು ಐಡಿಇ ಸೂಚಿಸುತ್ತದೆ ಎಂಬ ಕಾರಣಕ್ಕೆ. ನೀವು ಅದರ ಹೆಸರೇ ಎತ್ತಿಲ್ಲ, ಮುಚ್ಚಿಟ್ಟ ಹಾಗೆ ಕಾಣುತ್ತದೆ. ಅದರಲ್ಲಿ ಕಾಲು ಜಾರುವ ಒಂದು ಜಾಗವನ್ನೂ ತೋರಿಸಿ: ಅಸರ್ಟ್‌ದಟ್ ಒಳಗೆ ಮೊತ್ತ ಹಾಕಿ, ಚುಕ್ಕಿ ಹಾಕುವುದನ್ನು ಮರೆತರೆ ಆ ಸಾಲು ಏನನ್ನೂ ಪರೀಕ್ಷಿಸುವುದಿಲ್ಲ. ಟೆಸ್ಟ್ ಯಾವಾಗಲೂ ಹಸಿರು.

ಮುಂದಿನ ಪ್ರತಿಯಲ್ಲಿ ಫೂ, ಬಾರ್ ಎಂಬ ಅರ್ಥವಿಲ್ಲದ ಹೆಸರುಗಳು ಬೇಡ. ಅಂಗಡಿ ಬಿಲ್ಲನ್ನೇ ಕೊನೆತನಕ ಎಳೆಯಿರಿ. ಕೋಡನ್ನು ವರ್ಡ್ ಫೈಲಿನಲ್ಲಿ ಅಂಟಿಸಿ ಕಳಿಸಬೇಡಿ, ಅದು ಉದ್ಧರಣ ಚಿಹ್ನೆಗಳನ್ನೆಲ್ಲ ಬಾಗಿಸಿಬಿಟ್ಟಿದೆ. ನಾನು ಕಾಪಿ ಮಾಡಿ ಓಡಿಸಲು ನೋಡಿದೆ, ಕಂಪೈಲ್ ಆಗಲಿಲ್ಲ. ಜಾವಾ ಫೈಲುಗಳನ್ನು ಹಾಗೇ ಬೇರೆ ಕಳಿಸಿ. ಜೊತೆಗೆ, ಹನ್ನೊಂದರಲ್ಲಿ ಕನಿಷ್ಠ ಮೂರನ್ನಾದರೂ ಬೇಕೆಂದೇ ಕೆಡಿಸಿ, ಆಗ ಬಂದ ಮೆಸೇಜನ್ನು ಒಂದಕ್ಷರ ಬದಲಿಸದೆ ಅಂಟಿಸಿ.