ಎರಡು ದಿನದ ಟ್ಯೂಟರ್ ತರಬೇತಿ: ವಿಷಯ ಬಿಡಿ, ಕೇಳುವುದನ್ನು ಕಲಿಸಿ

ನಮಸ್ಕಾರ. ವಿಶ್ವವಿದ್ಯಾಲಯಕ್ಕೆ ಹೊಸದಾಗಿ ಸೇರಿದವರಿಗೆ ನೆರವಾಗಲು ಸೀನಿಯರ್‌ಗಳನ್ನು ಟ್ಯೂಟರ್ ಮಾಡುತ್ತಿದ್ದೀರಿ, ತರಬೇತಿಗೆ ಎರಡೇ ದಿನ ಇದೆ, ಪಠ್ಯವನ್ನೇ ಮತ್ತೊಮ್ಮೆ ಓದಿಸಬೇಕಾ ಎಂದು ಕೇಳಿದ್ದೀರಿ. ಬೇಡ ಅನ್ನುತ್ತೇನೆ. ಒಳ್ಳೆ ಅಂಕ ಬಂದವರನ್ನೇ ಆರಿಸಿರುತ್ತೀರಿ, ಅಲ್ವಾ? ವಿಷಯ ಗೊತ್ತಿರುವುದೇ ಅವರ ತೊಂದರೆ. ಯಾರಾದರೂ ತಡವರಿಸಿದರೆ ಪೆನ್ನು ಕಿತ್ತುಕೊಂಡು ತಾವೇ ಬಿಡಿಸಿಬಿಡುತ್ತಾರೆ.

ಮೊದಲ ದಿನ ಪೂರ್ತಿ ಅಭ್ಯಾಸಕ್ಕೆ ಇಡಿ. ಒಬ್ಬರು ಹೊಸಬರಾಗಲಿ, ಒಬ್ಬರು ಟ್ಯೂಟರ್, ಮೂರನೆಯವರು ಸುಮ್ನೆ ಗಮನಿಸಲಿ. ಟ್ಯೂಟರ್ ಉತ್ತರ ಹೇಳುವಂತಿಲ್ಲ. "ಎಲ್ಲಿವರೆಗೆ ತಿಳಿಯಿತು?", "ಈ ಹೆಜ್ಜೆ ಯಾಕೆ ಹಾಕಿದಿರಿ?" ಎಂದು ಕೇಳಬೇಕು. "ಅರ್ಥ ಆಯ್ತಾ?" ಮಾತ್ರ ಬೇಡ, ಮುಜುಗರಕ್ಕೆ ಎಲ್ಲರೂ ಹೂಂ ಅಂದುಬಿಡುತ್ತಾರೆ. ಕೇಳಿದ ಮೇಲೆ ಹತ್ತು ಸೆಕೆಂಡ್ ಬಾಯಿ ಮುಚ್ಚಿ ಕಾಯಲಿ. (ಮಾಡಿ ನೋಡಿ, ಹತ್ತು ಸೆಕೆಂಡ್ ಎಷ್ಟು ಜಾಸ್ತಿ ಅಂತ ಗೊತ್ತಾಗುತ್ತದೆ!)

1973ರಲ್ಲಿ ಅಮೆರಿಕದ ಮಿಸೌರಿ-ಕ್ಯಾನ್ಸಸ್ ಸಿಟಿ ವಿಶ್ವವಿದ್ಯಾಲಯದಲ್ಲಿ ಶುರುವಾದ 'ಸಪ್ಲಿಮೆಂಟಲ್ ಇನ್‌ಸ್ಟ್ರಕ್ಷನ್' (ತರಗತಿಯ ಜೊತೆಗೆ ಸೀನಿಯರ್‌ಗಳು ನಡೆಸುವ ಪೂರಕ ಕಲಿಕೆ) ಪದ್ಧತಿಯಿಂದ ಒಂದು ವಿಚಾರ ತೆಗೆದುಕೊಳ್ಳಿ. ಅಲ್ಲಿ ಹಿಂದುಳಿದವರನ್ನು ಹುಡುಕುವುದಿಲ್ಲ, ಹೆಚ್ಚು ಜನ ಫೇಲಾಗುವ ಕೋರ್ಸ್‌ಗಳನ್ನು ಆರಿಸುತ್ತಾರೆ. ಹಾಗಾಗಿ ಬರುವವರಿಗೆ ನಾಚಿಕೆಯಿಲ್ಲ. ಸೀನಿಯರ್‌ಗಳೂ ಆ ತರಗತಿಗಳಲ್ಲಿ ಮತ್ತೆ ಕೂರುತ್ತಾರೆ.

ಎರಡನೇ ದಿನ ಬೆಳಗ್ಗೆ ಎಲ್ಲೆಗಳ ಬಗ್ಗೆ ಮಾತಾಡಿ. ಅಸೈನ್‌ಮೆಂಟ್ ಬರೆದುಕೊಡುವಂತಿಲ್ಲ. ಯಾರಾದರೂ ಮನಸ್ಸಿನ ಸಂಕಟ ಹೇಳಿಕೊಂಡರೆ ತಾವೇ ಸಲಹೆಗಾರರಾಗದೆ ಕೌನ್ಸೆಲರ್ ಹತ್ತಿರ ಕಳಿಸಬೇಕು, ಆ ನಂಬರ್ ಅವರ ಫೋನಿನಲ್ಲೇ ಇರಲಿ.

ಮಧ್ಯಾಹ್ನದ ಅರ್ಧ ದಿನ ಈಗ ಖರ್ಚು ಮಾಡಬೇಡಿ. ಮೂರ್ನಾಲ್ಕು ವಾರ ಕೆಲಸ ಮಾಡಿದ ಮೇಲೆ ಅವರನ್ನು ಮತ್ತೆ ಕರೆಸಿ. ನಿಜವಾದ ಪ್ರಶ್ನೆಗಳು ಆಗ ಬರುತ್ತವೆ.